ಆ ಒಂದು ಫೋನಿಗೆ ನಾನು ಕೊಟ್ಟ ಉತ್ತರ

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬೀ,

ನಿನ್ನ ಪತ್ರ ಬಂತು. ಓದಿದೆ, ಕುಸಿದೆ! 'ಗುಡುಗಣ್ಣಾ, ನೀನಿರೋ ಆ ದೇಶದ ಸಹವಾಸವೇ ಸಾಕು. ಕೆಲಸಕ್ಕೆ ಬಾ ಅಂತ ಕಾಗದ ಬರೆದು ಕರೀತಾರೆ, ಬಾಗಿಲಲ್ಲಿ ಕಳ್ಳಿ ಥರ ನಿಲ್ಲಿಸ್ತಾರೆ' ಎಂದಿದ್ದೀಯ. ವಿಮಾನ ನಿಲ್ದಾಣದಲ್ಲಿ ಜಡೆ ಬಿಚ್ಚಿಸಿ ತಡಕಿದರಂತೆ. ನಿನ್ನ ನರ್ಸ್ ಸಮವಸ್ತ್ರವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು ನಕ್ಕರಂತೆ. ಹನ್ನೊಂದು ಗಂಟೆ ಬೆಂಚಿನ ಮೇಲೆ ಕೂರಿಸಿ, ಬಂದ ದಾರಿಗೆ ಸುಂಕವಿಲ್ಲವೆಂದು ವಿಮಾನ ಹತ್ತಿಸಿದರಂತೆ. ಕೊನೆಗೆ, 'ಪಾಪ, ನಿನಗೂ ಫೋನ್ ಮಾಡಿದ್ರು ಅಣ್ಣಾ. ಎತ್ತಿದವರು ಯಾರೋ, ಇವಳು ಗೊತ್ತೇ ಇಲ್ಲ ಅಂದ್ರಂತೆ. ರಾಂಗ್ ನಂಬರ್ ಇರಬೇಕು' ಎಂದು ಬರೆದಿದ್ದೀಯ.

ರಾಂಗ್ ನಂಬರ್ ಅಲ್ಲ ಗುಬ್ಬೀ. ಎತ್ತಿದವನು ನಾನೇ!

ಕೇಳು, ಕಿವಿಗೊಟ್ಟು ಕೇಳು! ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದೆ. ನೆಂಟರನ್ನು ಕರೆಸಿಕೊಳ್ಳುವವರಿಗೆ ಇಲ್ಲಿ ಉಳಿಯುವ ಅನುಮತಿಯನ್ನು ಈ ಸಲ ಮುಂದುವರಿಸುವುದಿಲ್ಲವಂತೆ, ಬಾಯಿ ಮುಚ್ಕೊಂಡಿರು ಎಂದು ಹಿಂದಿನ ದಿನವಷ್ಟೇ ಸೂಪರ್‌ವೈಸರ್ ಎಚ್ಚರಿಸಿದ್ದ. ನನ್ನ ಅರ್ಜಿಯೂ ಆ ಅಧಿಕಾರಿಗಳ ಮೇಜಿನ ಮೇಲಿತ್ತು. ಅಷ್ಟರಲ್ಲಿ ವಿಮಾನ ನಿಲ್ದಾಣದಿಂದ ಫೋನ್ ಬಂತು. ಈಕೆ ನಿನ್ನ ತಂಗಿಯಂತೆ, ಹೌದೋ ಅಲ್ಲವೋ ಎಂದು ಅಧಿಕಾರಿ ಕೇಳಿದ. ಮೈಕಿಲ್ಲದೆ ಕಟ್ಟಕಡೆಯ ಸಾಲಿಗೂ ಕೇಳುವಂತೆ ರಂಗದ ಮೇಲೆ ಗರ್ಜಿಸಿದ ಗಂಟಲಿದು! ಇಲಿಮರಿಯ ದನಿಯಲ್ಲಿ 'ಗೊತ್ತಿಲ್ಲ ಸಾರ್' ಎಂದಿತು. ಒಡಹುಟ್ಟಿದವಳನ್ನು ಸುಳ್ಳುಗಾರ್ತಿ ಮಾಡಿತು.

ಈಗ ಇಲ್ಲಿ ನರ್ಸುಗಳಿಲ್ಲದೆ ಹತ್ತು ಹಾಸಿಗೆಯ ಒಂದು ವಾರ್ಡಿಗೆ ಬೀಗ. ಮುದುಕರು ಕಾರಿಡಾರಿನ ಕುರ್ಚಿಯಲ್ಲೇ ತೂಕಡಿಸುತ್ತಾರೆ. ಹಿರಿಯ ನರ್ಸಮ್ಮ ಒಂಬತ್ತು ಜನರಿಗೆ ಕರೆ ಕಳಿಸಿದರೂ ಒಬ್ಬಳೂ ಒಪ್ಪಲಿಲ್ಲವಂತೆ. ಬಾಗಿಲಲ್ಲಿ ಉಗಿಸಿಕೊಂಡು ಒಳಗೆ ಬಂದು ಸೇವೆ ಮಾಡೋಕೆ ಯಾರಿಗೆ ಹುಚ್ಚು ಹಿಡಿದಿದೆ ಎಂದು ಆಕೆಯೇ ಗೊಣಗುತ್ತಾಳೆ.

ಇಲ್ಲಿಗೆ ಬಾ ಎನ್ನಲು ನನಗೆ ಮುಖವಿಲ್ಲ, ತಾಯೀ. ಆದರೆ 'ಸುಳ್ಳು ಹೇಳಿದವಳು' ಎಂಬ ಷರಾ ನಿನ್ನ ಹೆಸರಿನ ಮುಂದೆ ಇರುವ ತನಕ ಬೇರೆ ದೇಶದವರೂ ನಿನ್ನನ್ನು ಒಳಗೆ ಬಿಡಲಾರರು. ಅದಕ್ಕೇ ಸಹಿ ಹಾಕಿದ ಹೇಳಿಕೆಯೊಂದನ್ನು ಇದರೊಡನೆ ಇಟ್ಟಿದ್ದೇನೆ: ಇವಳು ನನ್ನ ಸ್ವಂತ ತಂಗಿ, ಸುಳ್ಳಾಡಿದವನು ನಾನು. ಬೈಯಿ, ಶಪಿಸು, ಈ ಪತ್ರವನ್ನು ಒಲೆಗೆ ಹಾಕು. ಆ ಹಾಳೆಯನ್ನು ಮಾತ್ರ ಹರಿಯಬೇಡ! ಕಾಲಿಗೆ ಬೀಳುತ್ತೇನೆ.

ಇಂತಿ, ನಿನ್ನ ಪಾಪಿ,
ಗುಡುಗಣ್ಣ

ವಿ.ಸೂ.: ಹೇಳಿಕೆಯ ಇನ್ನೊಂದು ಪ್ರತಿಯನ್ನು ಇಂದು ಬೆಳಿಗ್ಗೆ ನಾನೇ ಆ ಅಧಿಕಾರಿಗಳ ಕಚೇರಿಗೆ ಕೊಟ್ಟು ಬಂದೆ. ಇನ್ನು ನನ್ನನ್ನೂ ಈ ದೇಶದಲ್ಲಿ ಇರಗೊಡುವುದಿಲ್ಲ. ಕೋಣೆಯ ಬೀಗದ ಕೈಯನ್ನು ಮನೆಯೊಡತಿಗೆ ಒಪ್ಪಿಸಿದ್ದಾಯಿತು. ಈ ವಿಳಾಸಕ್ಕೆ ಉತ್ತರ ಬರೆಯಬೇಡ.