ಹಲ್ಲಿನ ಡಾಕ್ಟರಿಗೊಂದು ಮಾವಿನ ಕೇಕ್

ಡಾಕ್ಟರೇ,

ನಿಮ್ಮ ಕ್ಲಿನಿಕ್ಕಿನ ಕೆಳಗಿರುವ ಬೇಕರಿಯವನ ನಮಸ್ಕಾರ. ಈ ಕಾಗದದ ಜೊತೆಗಿರುವ ಮಾವಿನಹಣ್ಣಿನ ಕೇಕಿಗೆ ಸಕ್ಕರೆ, ಬೆಲ್ಲ, ಜೇನು ಯಾವುದನ್ನೂ ಹಾಕಿಲ್ಲ. ಹೋದ ತಿಂಗಳು ನನ್ನ ಹುಳುಕು ಹಲ್ಲಿಗೆ ಸಿಮೆಂಟು ತುಂಬುತ್ತಾ ನೀವು, "ನಿಮ್ಮಂಗಡಿ ತಿಂಡಿ ನಾನು ಮುಟ್ಟಲ್ಲಪ್ಪ, ಬರೀ ಸಕ್ಕರೆ" ಎಂದಿರಿ. ನನ್ನ ಬಾಯಿ ತೆರೆದೇ ಇದ್ದುದರಿಂದ ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತಿದ್ದೇನೆ.

ಮೊದಲೆರಡು ಕೇಕ್ ಒಲೆಯಲ್ಲೇ ನಡು ಕುಸಿದು ಕೂತವು. ಆಮೇಲೆ ಚೆನ್ನಾಗಿ ಕಳಿತ ಮಾವಿನ ತಿರುಳನ್ನು ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿ, ಬಾಳೆಹಣ್ಣು ಕಿವುಚಿ ಸೇರಿಸಿದೆ. ಹದ ಸಿಕ್ಕಿತು. ಅಮ್ಮನಿಗೆ ರುಚಿ ನೋಡಲು ಕೊಟ್ಟೆ.

"ಇಪ್ಪತ್ತು ವರ್ಷದಲ್ಲಿ ಯಾವ ಗಿರಾಕಿಗೂ ನೀನು ಇಷ್ಟು ಒದ್ದಾಡಿಲ್ಲ. ಯಾರೋ ಅದು?" ಎಂದರು.

"ಮೇಲಿನ ಡಾಕ್ಟ್ರಮ್ಮ."

"ಹಾಗಾದ್ರೆ ಬರೀ ಕೇಕ್ ಕಳಿಸಿ ಸುಮ್ನಾಗ್ಬೇಡ" ಎಂದು ನಗುತ್ತಾ ಇನ್ನೊಂದು ತುಂಡು ಮುರಿದುಕೊಂಡರು. ಒಂದು ಮೂಲೆ ಕಾಣೆಯಾಗಿರುವುದಕ್ಕೆ ಕ್ಷಮಿಸಿ.

ಮುಂದಿನ ವಾರ ನೀವು ಕ್ಲಿನಿಕ್ಕನ್ನು ದೊಡ್ಡ ರಸ್ತೆಗೆ ಸಾಗಿಸುತ್ತೀರಂತೆ, ನಿಮ್ಮ ನರ್ಸ್ ಹೇಳಿದರು. ಆ ಭಾರದ ಕುರ್ಚಿಯನ್ನು ಮೆಟ್ಟಿಲಿಳಿಸಲು ನಾನೂ ಹೆಗಲು ಕೊಡುತ್ತೇನೆ, ಮನಸ್ಸು ಒಪ್ಪದಿದ್ದರೂ.

ಅದಕ್ಕೆ ಮುಂಚೆ ಒಂದು ಕೋರಿಕೆ. ಕೇಕಿನ ತಟ್ಟೆಯನ್ನು ನರ್ಸ್ ಕೈಲಿ ಕಳಿಸಬೇಡಿ, ನೀವೇ ತಂದುಕೊಡಿ. ಈ ಭಾನುವಾರ ಅಂಗಡಿಗೆ ರಜೆ, ಆದರೂ ಬಾಗಿಲು ತೆರೆದಿರುತ್ತೇನೆ. ಅಮ್ಮನೂ ಬರುತ್ತಾರೆ. ಅವರಿಗೆ ಹಲ್ಲುನೋವೇನಿಲ್ಲ, ನಿಮ್ಮನ್ನು ನೋಡಬೇಕಂತೆ, ಅಷ್ಟೇ.

ಇಂತಿ,
ಕೆಳಗಿನ ಬೇಕರಿಯವನು