ಐದೂವರೆ ತಾಸು ಕಳೆಯಿರಿ, ಅಜ್ಜಿ

30 ಫೆಬ್ರುವರಿ 2189
ಕೃಷ್ಣಾ ನದಿಯ ನಡುಗಡ್ಡೆ

ಗಂಗಾಂಬಿಕಾ ಅಜ್ಜಿಯವರಿಗೆ ನಿಮ್ಮ ಆರನೇ ತಲೆಯ ಮೊಮ್ಮಗ ರುದ್ರಮುನಿಯ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ ಕೊಟ್ಟು ಆಗಲೇ ನಲವತ್ತು ವರ್ಷವಾಯಿತು. ನಿಮಗಿನ್ನೂ ಮೂವತ್ತೆರಡು, ನನಗೆ ಅರವತ್ತೊಂದು. ಆದರೂ ಅಜ್ಜಿ ಎನ್ನದೆ ಗತಿಯಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ಊರ ಶಾಲೆಯ ಏಳನೇ ಇಯತ್ತೆ, ಅದೂ ಮಾಸ್ತರರಿಗೇ ನಾಲ್ಕು ಮಾತು ಕಲಿಸಿ ಹೊರಬಿದ್ದವನು. ಈ ಕಾಗದ ನಿಮ್ಮನ್ನು ಮುಟ್ಟುವುದು ಹಿಮ್ಮರಳಿಯಿಂದ, ಅಂದರೆ ಕಳಿಸಿದ ಹೊತ್ತಿಗಿಂತ ಮೊದಲೇ ಹೋಗಿ ಸೇರುವ ರೇಡಿಯೊ ಅಲೆಯಿಂದ. ಈ ಸೀಮೆಯಲ್ಲಿ ಅದನ್ನು ಮೊದಲು ಪಳಗಿಸಿದವನು ಯಾರು ಎಂದು ಕೇಳಿದರೆ ನನ್ನ ಹೆಸರನ್ನು ನಾನೇ ಹೇಳಿಕೊಳ್ಳಬೇಕಾಗುತ್ತದೆ.

ಉಪಗ್ರಹಗಳೆಲ್ಲ ಒಂದಕ್ಕೊಂದು ಬಡಿದು ಪುಡಿಯಾದ ಮೇಲೆ ಊರೂರ ನಡುವೆ ಮಾತು ಉಳಿದಿರುವುದು ಹ್ಯಾಮ್ ರೇಡಿಯೊದಿಂದ. ನಿಮಗದು ಹವ್ಯಾಸ, ನಮಗೆ ಬದುಕು. ದೋಣಿ ಯಾವಾಗ ಹೊರಡುತ್ತದೆ, ಡಾಕ್ಟರು ಯಾವ ದಡದಲ್ಲಿದ್ದಾರೆ, ಎಲ್ಲ ಗಾಳಿಯಲ್ಲೇ ತಿಳಿಯಬೇಕು. ಗಾಳಿಯಲ್ಲಿ ನಮ್ಮನ್ನು ಕರೆಯುವ ಅಕ್ಷರ-ಅಂಕಿಯ ಕಾಲ್‌ಸೈನ್ ಈಗ ಮನೆತನದ ಹೆಸರೇ ಆಗಿದೆ. ನಾನು ಹೊತ್ತಿರುವುದು ನಿಮ್ಮದನ್ನೇ. ಯಾವ ಕಾಲ್‌ಸೈನಿನವರು ಯಾವಾಗ ಮಾತಾಡಿದರು, ಮಾತುಕತೆ ಬರೆದಿಡುವ ಲಾಗ್ ಪುಸ್ತಕವನ್ನು ಕೊನೆಯ ಸಲ ಯಾವಾಗ ಒಪ್ಪಿಸಿದರು ಎಂದು ತೋರಿಸುವ ಸಾಫ್ಟ್‌ವೇರು ನಿಮ್ಮಲ್ಲಿದೆಯಲ್ಲ, ಅದರ ಮರಿಮಗನಿಗೆ ನಾವು ಇಣುಕುಗಿಂಡಿ ಎನ್ನುತ್ತೇವೆ. ಎರಡೂ ಕಡೆಯವರು ಬರೆದದ್ದು ಹೊಂದಿದರೆ ಸಾಲು ಹಸಿರು, ಇಲ್ಲದಿದ್ದರೆ ಕೆಂಪು. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ಬಾಯಿಗಿಡುವ ಮೊದಲು ಕಿಂಡಿ ತೆರೆಯುತ್ತಾರೆ.

ಕಳೆದ ವಾರ ದೋಣಿಕಟ್ಟೆಯಲ್ಲಿ ಹತ್ತು ಮಂದಿ ಕೂತಿದ್ದಾಗ ನಾನು ಎಂದಿನಂತೆ, "ನಮ್ಮಜ್ಜಿ ಇದೇ ನಡುಗಡ್ಡೆಯಿಂದ ಚಿಲಿ ದೇಶಕ್ಕೆ ಮಾತಾಡಿದಾಕಿ" ಎಂದು ಶುರುಮಾಡಿದೆ. ಅಕ್ಕನ ಮಗಳು ಶಿವಲೀಲಾ ಅಲ್ಲೇ ಕಿಂಡಿ ತೆರೆದಳು. "ಮಾಮಾ, ಅಜ್ಜಿ ಮಾತಾಡಿದ್ದು ರೇಡಿಯೊದಾಗೋ ಕನಸಿನಾಗೋ? ಒಂದೂ ಹೊಂದಿಲ್ಲ ನೋಡ್ರಿ ಇಲ್ಲೆ!" ನೂರಾ ಹನ್ನೆರಡು ಮಾತುಕತೆ, ನೂರಾ ಹನ್ನೆರಡೂ ಕೆಂಪು. ಕಟ್ಟೆಯೆಲ್ಲ ನಕ್ಕಿತು. ನಗು ಹಾಳಾಗಲಿ. ಮೊದಲ ತಲೆಯ ಲಾಗ್ ಕೆಂಪಿದ್ದರೆ ಕಾಲ್‌ಸೈನ್ ಕಿತ್ತುಕೊಳ್ಳಬೇಕೆಂದು ಹೊಸ ಕಾಯಿದೆ ಬಂದಿದೆ. ಬರುವ ಸೋಮವಾರ ನಮ್ಮದು ಬೇರೆಯವರ ಪಾಲು.

ತಪ್ಪು ಎಲ್ಲಿದೆ ಎಂದು ಕಂಡುಹಿಡಿದವನು ನಾನು. ಶಿವಲೀಲಾ ಕಂಡುಹಿಡಿದದ್ದು ತಾನೇ ಅನ್ನುತ್ತಾಳೆ, ಕಿವಿಗೆ ಹಾಕಿಕೊಳ್ಳಬೇಡಿ. ಚಿಲಿಯಲ್ಲಿ ನಿಮಗೆ ಗಾಳಿಯಲ್ಲಿ ಸಿಕ್ಕವನೊಬ್ಬ ಮೀನುಗಾರ, ಅವನು ನಿಮ್ಮೊಡನೆ ಮಾತಾಡಿದ ಹೊತ್ತನ್ನು ಹದಿಮೂರು ಗಂಟೆ ಹತ್ತು ನಿಮಿಷ ಎಂದು ಬರೆದಿದ್ದಾನೆ. ನೀವು ಹದಿನೆಂಟು ನಲವತ್ತು ಎಂದು ಬರೆದಿದ್ದೀರಿ. ಜಗತ್ತಿನ ಹ್ಯಾಮ್ ಮಂದಿಯೆಲ್ಲ ಲಾಗಿನಲ್ಲಿ ಬರೆಯುವುದು ಒಂದೇ ವಿಶ್ವಸಮಯ. ನೀವು ಅದಕ್ಕಿಂತ ಐದೂವರೆ ತಾಸು ಮುಂದಿರುವ ಅಡುಗೆಮನೆಯ ಗಡಿಯಾರ ನೋಡಿ ಬರೆದುಬಿಟ್ಟಿರಿ! ನಾನೂ ಮೊದಲ ಮೂರು ವರ್ಷ ಹಾಗೇ ಬರೆದವನು. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ನಾನೇ ತಿದ್ದೋಣವೆಂದರೆ, ಬರೆದವರೇ ತಿದ್ದಬೇಕೆಂದು ಕಿಂಡಿಯ ಹಟ. ನಿಮ್ಮ ವೇಷ ಹಾಕಿ ಎರಡು ಸಲ ನುಸುಳಿದೆ, ಎರಡು ಸಲವೂ ಸಿಕ್ಕಿಬಿದ್ದೆ. ಆದ್ದರಿಂದ ನಾಳೆ ಬೆಳಿಗ್ಗೆ ಚಹಾ ಕುಡಿದವರೇ ಪುಸ್ತಕ ಹಿಡಿದು ಕೂತುಕೊಳ್ಳಿರಿ. ಪ್ರತಿ ಸಾಲಿನಲ್ಲೂ ಐದೂವರೆ ತಾಸು ಕಳೆಯಿರಿ. ಬೆಳಗಿನ ಐದೂವರೆಗಿಂತ ಮೊದಲಿನದಾದರೆ ತಾರೀಖನ್ನೂ ಒಂದು ದಿನ ಹಿಂದಕ್ಕೆ ಸರಿಸಿರಿ. ಆಮೇಲೆ ಮತ್ತೆ ಒಪ್ಪಿಸಿರಿ. ನೀವು ಮಾಡಿಯೇ ತೀರುತ್ತೀರಿ. ನನ್ನ ಹಟ ಯಾರಿಂದ ಬಂದದ್ದೆಂದು ನನಗೆ ಗೊತ್ತಿದೆ.

ಒಂದೇ ಸಂಕಟ. ನೀವು ತಿದ್ದಿದಿರೆಂದರೆ ಇಲ್ಲಿ ನೂರಾ ಹನ್ನೆರಡೂ ಮೊದಲಿನಿಂದಲೇ ಹಸಿರಾಗಿರುತ್ತವೆ. ಕಟ್ಟೆಯಲ್ಲಿ ಯಾರೂ ನಕ್ಕಿರುವುದಿಲ್ಲ, ನಾನು ಈ ಕಾಗದ ಬರೆದೇ ಇರುವುದಿಲ್ಲ. ನೂರರವತ್ತು ವರ್ಷ ಹಿಂದಕ್ಕೆ ಕಾಗದ ಕಳಿಸಿದ ಗಂಡಸು ನಾನೊಬ್ಬನೇ ಎಂದು ಹೇಳಿಕೊಳ್ಳಲು ನನಗೇ ನೆನಪಿರುವುದಿಲ್ಲ. ನನ್ನ ಜನ್ಮದ ಅತಿ ದೊಡ್ಡ ಜಂಭ ಅದು. ನಿಮ್ಮ ಕಾಲ್‌ಸೈನಿಗಾಗಿ ಬಿಟ್ಟುಕೊಟ್ಟೆ.

ನಿಮ್ಮ ಕೈಯಲ್ಲಾದರೂ ಈ ಕಾಗದ ಉಳಿದರೆ, ಮಕ್ಕಳೆದುರು ನನ್ನ ಪರವಾಗಿ ಒಂದಿಷ್ಟು ಕೊಚ್ಚಿಕೊಳ್ಳಿ. ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ.

ಮಾತು ಮುಗಿಸುವಾಗ ನೀವು ಹೇಳುವ ಆ ಶುಭಾಶಯದ ಅಂಕಿ ಇಲ್ಲಿ ಇನ್ನೂ ಬದಲಾಗಿಲ್ಲ. ಎಪ್ಪತ್ತಮೂರು, ಅಜ್ಜಿ.

ರುದ್ರಮುನಿ