ಎರಡು ಗಂಟೆಯಲ್ಲಿ ಬೆಚ್ಚಗಾದ ಕೂಸು

ರಾಯಚೂರು,
ಬಿಸಿಲುಗಾಲದ ನೂರಾ ನಲವತ್ತನೆಯ ದಿನ, 2214

ನನ್ನ ಮುತ್ತಜ್ಜಿಯ ಮುತ್ತಜ್ಜಿ ದಾನಮ್ಮನವರಿಗೆ ನೀಲಾಂಬಿಕೆಯ ನಮಸ್ಕಾರಗಳು.

ಈ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಿಮಗೆ ತಿಳಿಯದ ಪದಗಳು ನಡುವೆ ಬಂದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ನೀವು ನರ್ಸ್ ಆಗಿದ್ದಿರಿ, ಹುಟ್ಟಿದಾಗ ಅಳದ ಕೂಸುಗಳನ್ನು ತಂಪಿನಲ್ಲಿಟ್ಟು ಉಳಿಸುತ್ತಿದ್ದಿರಿ ಎಂದು ಕೇಳಿದ್ದೇನೆ. ನನ್ನದೂ ಅದೇ ಕೆಲಸ.

ನಮ್ಮ ಊರು ಈಗ ಅರ್ಧ ನೆಲದ ಕೆಳಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲುಕೊಂಬು ಕೂಗುತ್ತದೆ. ಇನ್ನು ಹೊರಗಿರಬೇಡಿ ಎಂದು ಹೇಳುವ ಸೈರನ್ ಅದು. ಆಗ ಎಲ್ಲರೂ ನೆಲಮನೆಗಳಿಗೆ ಇಳಿಯುತ್ತಾರೆ. ರೊಟ್ಟಿ ಬಡಿಯುವುದು, ಶಾಲೆ, ಸಂತೆ ಎಲ್ಲವೂ ಅಲ್ಲಿಯೇ. ಎಲ್ಲಕ್ಕಿಂತ ತಳದಲ್ಲಿ ನಮ್ಮ ತಣ್ಮನೆ. ಉಸಿರುಕಟ್ಟಿ ಹುಟ್ಟಿದ ಕೂಸನ್ನು ಆರು ಗಂಟೆಯೊಳಗೆ ತಂದರೆ, ಒಳಗೆ ನೀರು ಹರಿಯುವ ತಣ್ಹಾಸಿನ ಮೇಲೆ ಮಲಗಿಸಿ, ಮೈಯನ್ನು ಮೂವತ್ತಮೂರೂವರೆ ಡಿಗ್ರಿಗೆ ಇಳಿಸಿ, ಮೂರು ದಿನ ಹಾಗೆಯೇ ಇಡುತ್ತೇವೆ. ತಂಪಿನಲ್ಲಿ ಮೆದುಳಿನ ಹಸಿವು ತಗ್ಗುತ್ತದೆ, ಪೆಟ್ಟು ಹರಡುವುದು ಕಡಿಮೆಯಾಗುತ್ತದೆ. ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ನಿಧಾನವಾಗಿ ಬೆಚ್ಚಗೆ ಮಾಡಬೇಕು. ಇದೆಲ್ಲ ನಿಮಗೆ ಗೊತ್ತಿರುವುದೇ. ಇಷ್ಟು ವರ್ಷದಲ್ಲಿ ಇದೊಂದು ಬದಲಾಗಿಲ್ಲ.

ಎಂಟು ವರ್ಷದ ಹಿಂದೆ ಹುಲಿಗೆಮ್ಮ ಎಂಬ ಬಾಣಂತಿಯ ಹೆಣ್ಣು ಕೂಸು ನನ್ನ ಕೈಗೆ ಬಂತು. ಮೂರು ದಿನ ಆಕೆ ಹಾಸಿನ ಪಕ್ಕ ಬಿಟ್ಟು ಏಳಲಿಲ್ಲ. ನಾಲ್ಕನೆಯ ಬೆಳಿಗ್ಗೆ ನಾನು ಬೆಚ್ಚಗೆ ಮಾಡಲು ಆರಂಭಿಸಿದಾಗ, “ಅಕ್ಕಾರ, ಮುಟ್ಟಿದ್ರ ಕೂಸು ಸತ್ತಂಗ ತಣ್ಣಗದ. ಒಂದೀಟು ಜಲ್ದಿ ಮಾಡ್ರಿ, ಎದಿಗೆ ಹಚ್ಚಿಕೊಳ್ತೀನಿ” ಎಂದು ಬೇಡಿಕೊಂಡಳು.

ಡಾಕ್ಟರನ್ನು ಕೇಳಬೇಕಿತ್ತು. ಕೇಳಲಿಲ್ಲ. ಅದು ಆಕೆಯ ಮೇಲಿನ ಕನಿಕರ ಎಂದು ಬಹುಕಾಲ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ಎರಡು ಪಾಳಿ ಒಂದೇ ಸಮನೆ ಮಾಡಿ ದಣಿದಿದ್ದೆ, ಮನೆಗೆ ಹೋಗಬೇಕಿತ್ತು. ಆರು ಗಂಟೆಯ ಕೆಲಸವನ್ನು ಎರಡು ಗಂಟೆಯಲ್ಲಿ ಮುಗಿಸಿದೆ. ತಾಯಿಯ ಎದೆಗಿಟ್ಟ ಸ್ವಲ್ಪ ಹೊತ್ತಿಗೆ ಕೂಸಿನ ಕಣ್ಣುಗಳು ಒಂದು ಕಡೆ ನೆಟ್ಟವು, ಬಲಗೈ ಅದುರತೊಡಗಿತು. ಆಗಷ್ಟೇ ಪಾಳಿಗೆ ಬಂದ ಡಾಕ್ಟರ್ ಓಡಿ ಬಂದು ಫಿಟ್ಸ್ ನಿಲ್ಲಿಸಿದರು. ನಿಧಾನವಾಗಿ ಬೆಚ್ಚಗೆ ಮಾಡಿದಿರಾ ಎಂದು ಕೇಳಿದರು. ನಿಯಮದಂತೆಯೇ ಮಾಡಿದೆ ಎಂದೆ. ಆಮೇಲೆ ಯಂತ್ರದಲ್ಲಿದ್ದ ದಾಖಲೆಯನ್ನೂ ಅಳಿಸಿದೆ.

ಕೂಸು ಬದುಕಿತು. ಹೊನ್ನಮ್ಮ ಎಂದು ಹೆಸರಿಟ್ಟರು. ಈಗ ಅವಳ ಬಲಗೈಯಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ, ಮಾತು ತಡೆದು ತಡೆದು ಬರುತ್ತದೆ. ಅದು ನನ್ನ ಅವಸರದಿಂದಲೋ ಹುಟ್ಟುವಾಗಿನ ಪೆಟ್ಟಿನಿಂದಲೋ ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಆ ಅನುಮಾನದ ಮರೆಯಲ್ಲಿಯೇ ನಾನು ಎಂಟು ವರ್ಷ ಕುಳಿತಿದ್ದೆ. ಪ್ರತಿ ಹುಟ್ಟುಹಬ್ಬಕ್ಕೆ ಹುಲಿಗೆಮ್ಮ ಹೋಳಿಗೆ ತರುತ್ತಿದ್ದಳು. ನನ್ನನ್ನು ತೋರಿಸಿ, ಕೂಸನ್ನು ಉಳಿಸಿದವಳು ಈಕೆಯೇ ಎಂದು ನೆರೆಯವರಿಗೆಲ್ಲ ಹೇಳುತ್ತಿದ್ದಳು.

ಮೊನ್ನೆ ಬಂದಾಗ ಹೊನ್ನಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ, ಎರಡನ್ನೂ ಜೋಡಿಸಿ ನನಗೆ ನಮಸ್ಕಾರ ಮಾಡಿದಳು. ನನಗೆ ತಡೆಯಲಾಗಲಿಲ್ಲ. ಮಗುವನ್ನು ಪಡಸಾಲೆಗೆ ಆಡಲು ಕಳಿಸಿ, ತಾಯಿಗೆ ಎಲ್ಲವನ್ನೂ ಹೇಳಿದೆ.

ಹುಲಿಗೆಮ್ಮ ತಾನು ತಂದಿದ್ದ ಹೋಳಿಗೆಯ ಡಬ್ಬಿಯ ಮುಚ್ಚಳ ಮುಚ್ಚಿದಳು.

“ಬಸುರಿದ್ದಾಗ ನಾ ಉಪಾಸ ಹಿಡಿದಿದ್ದೆ. ಅದಕ್ಕ ಹಿಂಗಾತು ಅಂತ ನಮ್ಮತ್ತಿ ಎಂಟು ವರ್ಷ ಅಂದ್ಲು. ನಾನೂ ನಂಬಿದ್ದೆ,” ಎಂದಳು. ಆಮೇಲೆ, “ಮೊದಲ ಹೇಳಿದ್ರ ಏನಾಗ್ತಿತ್ರಿ ನಿಮಗ?” ಎಂದು ಕೇಳಿದಳು.

ಹೋಳಿಗೆಯ ಡಬ್ಬಿ ಎತ್ತಿಕೊಂಡು, ಮಗಳ ಕೈ ಹಿಡಿದು ಹೊರಟುಹೋದಳು.

ಇವತ್ತು ಬೆಳಿಗ್ಗೆ ಮೇಲಧಿಕಾರಿಗಳಿಗೆ ಎಲ್ಲವನ್ನೂ ಬರೆದುಕೊಟ್ಟೆ. ನನ್ನ ಕೆಲಸ ಹೋಗುತ್ತದೆ. ಅದು ಆಗಬೇಕಾದದ್ದೇ.

ಅಜ್ಜಿ, ನಿಮ್ಮಲ್ಲಿ ಒಂದು ಕೋರಿಕೆ ಇದೆ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಇಳಿದು ಬಂದ ಮಾತುಗಳಲ್ಲಿ ನೀವು ಉಳಿಸಿದ ಕೂಸುಗಳಷ್ಟೇ ಇವೆ. ನಿಮ್ಮ ಕೈ ತಪ್ಪಿದ ಒಂದು ದಿನವೂ ಇಲ್ಲ. ಅಂಥವರ ವಂಶದವಳಾಗಿ ಹೀಗೆ ಮಾಡಿದೆ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ತಪ್ಪು ನನ್ನದೇ. ಆದರೆ ಅಂಥ ದಿನ ನಿಮಗೂ ಇದ್ದಿದ್ದರೆ, ಮಗಳಿಗೆ ಊಟ ಬಡಿಸುವಾಗ ಅದನ್ನೂ ಹೇಳಿ. ಯಾರ ಮುಂದೆ ಹೋಗಿ ನಿಂತಿರಿ, ಮೊದಲ ಮಾತು ಏನಾಡಿದಿರಿ, ಅಷ್ಟಾದರೂ ಹೇಳಿ.

ನಿಮ್ಮ,
ನೀಲಾಂಬಿಕೆ